ಹೆದೆ ಯಾತರದು?

ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಒಂದು ದಿನ ಕಿರಾತಾರ್ಜುನರ ಕಾಳಗದ ಪಾಠ ಹೇಳುತ್ತಿದ್ದೆ. ಇಂದ್ರಕೀಲ ಪರ್ವತದ ತಪ್ಪಲು. ಹಂದಿಯೊಂದು ಎರಡು ಬಾಣಗಳ ಪೆಟ್ಟಿಗೆ ಸತ್ತು ಬಿದ್ದಿದೆ. ಬೇಡನ ವೇಷದ ಶಿವನೂ ತಪಸ್ಸಿಗೆ ಕುಳಿತಿದ್ದ ಅರ್ಜುನನೂ ಅದು ತನ್ನದು ತನ್ನದು ಎಂದು ಬಿಲ್ಲು ಹಿಡಿದು ಎದುರುಬದುರು ನಿಂತಿದ್ದಾರೆ. ಪಾಠ ಹೇಳುವವನಿಗೆ ಹುರುಪು ಬರತಕ್ಕ ಸನ್ನಿವೇಶವೇ ಸರಿ. ಹೆದೆಯ ಟಂಕಾರವು ಗಿರಿಗುಹೆಗಳಲ್ಲಿ ಮಾರ್ದನಿಗೊಂಡ ಬಗೆಯನ್ನು ನಾನು ಕೈಯೆತ್ತಿ ವರ್ಣಿಸುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತ. ಖಾನಾಪುರ ತಾಲೂಕಿನ ಹಳ್ಳಿಯೊಂದರಿಂದ ಬೆಳಗಾವಿಗೆ ಬಂದು, ವಸತಿಗೃಹದಲ್ಲಿದ್ದು ಓದುವ ಹುಡುಗ, ಮಾತು ಕಡಿಮೆ.

“ಸರ, ಆ ಹೆದಿ ಯಾತರದ್ದು ಇರ್ತಿತ್ರಿ?”

ಪಂಡಿತ ಪರೀಕ್ಷೆಗೆ ಓದಿದವನಿಗೆ ಅಮರಕೋಶ ಬಾಯಲ್ಲೇ ಇರುತ್ತದೆಯಷ್ಟೆ. ಜ್ಯಾ ಎನ್ನುತ್ತಾರೆ, ಗುಣ ಎನ್ನುತ್ತಾರೆ, ಮೌರ್ವಿ, ಶಿಂಜಿನಿ ಎಂದೂ ಹೆಸರುಂಟು, ಹಳಗನ್ನಡದ ಕವಿಗಳು ತಿರು ಎಂದಿದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹುಡುಗ ಪೂರ್ತಿ ಕೇಳಿಕೊಂಡು, “ಹೆಸರಲ್ರೀ ಸರ, ಯಾತರ್ಲೆ ಮಾಡ್ತಿದ್ರು ಅಂತ” ಎಂದ. ತರಗತಿ ನಕ್ಕಿತು. “ನಾರಿನಿಂದ” ಎಂದು ಹೇಳಿ ನಾನು ಮುಂದಕ್ಕೆ ಹೊರಟೆ. ಆತ ಕುಳಿತುಕೊಳ್ಳುತ್ತ, “ತೊಗಲಿಂದೂ ಮಾಡಬಹುದ್ರಿ” ಎಂದು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಆ ಮಾತಿಗೆ ಯಾರೂ ನಗಲಿಲ್ಲ. ಆದರೆ ಯಾರಾದರೂ ನಕ್ಕಾರು ಎಂಬಂತೆ ಅವನು ತಲೆ ತಗ್ಗಿಸಿಕೊಂಡಿದ್ದ. ಆ ತಗ್ಗಿದ ತಲೆ ಸಂಜೆಯವರೆಗೂ ನನ್ನ ಕಣ್ಣ ಮುಂದಿತ್ತು. ಮನೆಗೆ ಹೋಗಿ ಪುಸ್ತಕಗಳನ್ನು ತೆಗೆದೆ.

ಮೌರ್ವಿ ಎಂಬ ಶಬ್ದವೇ ನನ್ನನ್ನು ದಾರಿ ತಪ್ಪಿಸಿತ್ತು. ಮೂರ್ವಾ ಎಂಬುದು ನಾರು ಕೊಡುವ ಒಂದು ಗಿಡ. ಅದರ ನಾರಿನ ಹಗ್ಗ ಮೌರ್ವಿ. ಕ್ಷತ್ರಿಯ ವಟುವಿನ ಉಡಿದಾರವು ಮೌರ್ವಿಯದಾಗಿರಬೇಕೆಂದು ಮನುಸ್ಮೃತಿಯಲ್ಲಿದೆ. ಹೀಗೆ ಶಬ್ದ ಹಿಡಿದು ಹೊರಟವನಿಗೆ ನಾರಿನ ಆಚೆಗೆ ಏನೂ ಕಾಣುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿದರೆ ಸಂಗತಿ ಬೇರೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕು 1909ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ಆಯುಧಾಗಾರದ ಅಧಿಕಾರಿಗೊಂದು ಅಧ್ಯಾಯವಿದೆ. ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲು ನಾಲ್ಕು ಬಗೆ. ಹೆದೆಗೆ ಮೂರ್ವಾ, ಎಕ್ಕ, ಸಣಬು, ಗವೇಧು ಎಂಬ ಹುಲ್ಲು, ಬಿದಿರು ಇವುಗಳ ನಾರು, ಕೊನೆಗೆ ಸ್ನಾಯು. ಈಗ ನಾವು ಸ್ನಾಯು ಎಂದರೆ ಮಾಂಸಖಂಡವೆಂದು ವಿಜ್ಞಾನದ ಪುಸ್ತಕದಲ್ಲಿ ಓದುತ್ತೇವೆ. ಸಂಸ್ಕೃತದಲ್ಲಿ ಅದು ಎಲುಬಿಗೆ ಮಾಂಸವನ್ನು ಕಟ್ಟುವ ಬಿಳಿಯ ನರ. ಅಂತೂ ಪ್ರಾಣಿಯ ಮೈಯಿಂದ ಬಂದ ಹೆದೆ ಅರಮನೆಯ ಉಗ್ರಾಣದಲ್ಲಿತ್ತೆಂದಾಯಿತು.

ಅದಕ್ಕೂ ಹಿಂದಕ್ಕೆ ಹೋದರೆ ಇನ್ನೂ ಸೋಜಿಗ. ಯಾಸ್ಕನ ನಿರುಕ್ತವು ವೇದಶಬ್ದಗಳ ಅರ್ಥವನ್ನು ಬಿಡಿಸುವ ಗ್ರಂಥ. ಅಲ್ಲಿ ‘ಗೋ’ ಎಂಬ ಒಂದು ಶಬ್ದದ ವಿಚಾರ ಬಂದಿದೆ. ಆಕಳೆಂದು ಹೇಳಿ ಆಕಳಿಂದ ಬಂದದ್ದನ್ನು ಸೂಚಿಸುವುದುಂಟು ಎಂದು ಆತ ವಿವರಿಸುತ್ತಾನೆ. ರಥವು ‘ಗೋ’ಗಳಿಂದ ಬಿಗಿಯಲ್ಪಟ್ಟಿದೆ ಎಂದರೆ ತೊಗಲಿನಿಂದಲೂ ಅಂಟಿನಿಂದಲೂ ಬಿಗಿದಿದೆ ಎಂದರ್ಥ. ಬಾಣದ ವಿಷಯದಲ್ಲಿ ಹಾಗೆ ಹೇಳಿದರೆ ನರ ಮತ್ತು ಅಂಟು. ಬಿಲ್ಲಿನ ಹೆದೆಗೂ ‘ಗೋ’ ಎಂದೇ ಹೆಸರು. ಬಿಲ್ಲಿನ ಮೇಲೆ ಆಕಳು ಕೂಗುತ್ತದೆ ಎಂಬ ಋಗ್ವೇದದ ಒಗಟಿನಂಥ ಮಾತಿಗೆ ಆತ ಕೊಡುವ ಬಿಡುಗಡೆ ಇದು: ಕೂಗುವುದು ಹೆದೆ. ಮೂವತ್ತು ವರ್ಷ ನಾನು ಟಂಕಾರವೆಂದು ಪಾಠ ಹೇಳಿದ್ದು ತೊಗಲಿನ ದನಿಯನ್ನು!

ಬಹು ಕಾಲದ ಮೇಲಿನ ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ಹೆದೆಗೆ ಮೂರೇ ದ್ರವ್ಯಗಳನ್ನು ಹೇಳಿದೆ: ಬಿದಿರು, ಭಂಗಿಯ ನಾರು, ತ್ವಕ್ಕು. ತ್ವಕ್ ಎಂದರೆ ತೊಗಲೂ ಹೌದು, ಮರದ ತೊಗಟೆಯೂ ಹೌದು. ಅಲ್ಲಿ ವಾದಕ್ಕೆ ಎಡೆಯುಂಟು. 14ನೆಯ ಶತಮಾನದ ಶಾರ್ಙ್ಗಧರ ಪದ್ಧತಿಗೆ ಬಂದರೆ ಆ ಸಂದೇಹವಿಲ್ಲ. ರೇಷ್ಮೆಯ ನೂಲು ಸಿಗದಿದ್ದರೆ ಜಿಂಕೆಯ ನರ, ಎಮ್ಮೆ ಆಕಳುಗಳ ನರ. ಅಥವಾ ಆಗಲೇ ಕೊಂದ ಆಡಿನದು, ಕೂದಲು ತೆಗೆದದ್ದು ಎಂದು ಅಲ್ಲಿ ಹೆದೆಯ ಸಾಮಗ್ರಿಯನ್ನು ಎಣಿಸಿದ್ದಾರೆ. ಆಗಲೇ ಕೊಂದದ್ದು, ಕೂದಲು ತೆಗೆದದ್ದು ಎಂಬ ಎರಡು ಮಾತಿನಲ್ಲಿ ಒಂದು ಇಡೀ ಕಸಬು ಅಡಗಿದೆ. ಆದರೆ ಕೂದಲನ್ನು ಹೇಗೆ ತೆಗೆಯಬೇಕು, ಎಷ್ಟು ದಿನ ಬೇಕು, ಯಾರು ತೆಗೆಯುತ್ತಾರೆ? ಶ್ಲೋಕ ಬರೆದವರು ಅಷ್ಟು ಹತ್ತಿರ ಹೋಗಲಿಲ್ಲ. ವಾಸನೆಯ ದೂರದಲ್ಲಿಯೇ ನಿಂತರೆಂದು ತೋರುತ್ತದೆ.

ಮರುದಿನ ತರಗತಿಯಲ್ಲಿ ಎಲ್ಲರ ಮುಂದೆ, “ನಿನ್ನೆ ನಾನು ಹೇಳಿದ್ದು ಅರ್ಧ, ಇವನು ಹೇಳಿದ್ದು ಸರಿ” ಎಂದೆ. ಹುಡುಗನಿಗೆ ಹೇಗೆ ಗೊತ್ತು ಎಂದು ಆಮೇಲೆ ಒಂಟಿಯಾಗಿ ಕೇಳಿದರೆ, ಬಹಳ ಹೊತ್ತು ಸುಮ್ಮನಿದ್ದು, “ನಮ್ಮಜ್ಜ ಹಲಗಿಗೆ ತೊಗಲು ಬಿಗೀತಾನ್ರಿ” ಎಂದ. ಆ ಒಂದು ವಾಕ್ಯ ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂಬುದನ್ನು ಕಂಡ ಮೇಲೆ ಅಜ್ಜನನ್ನು ನೋಡಬೇಕೆನಿಸಿತು. ಮಾಘಮಾಸದ ಒಂದು ರವಿವಾರ ಖಾನಾಪುರದ ಬಸ್ಸು ಹಿಡಿದೆವು. ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೋಮೀಟರು. ಅಲ್ಲಿ ಮಲಪ್ರಭೆಯನ್ನು ದಾಟಿ ಇನ್ನಷ್ಟು ದೂರ.

ಅಜ್ಜನಿಗೆ ಎಪ್ಪತ್ತು ದಾಟಿದೆ. ಹಳ್ಳದ ದಂಡೆಯಲ್ಲಿ, ಊರಿಗೆ ಬೆನ್ನು ಹಾಕಿದಂತೆ ಅವರ ಮನೆ. ದೂರದಿಂದಲೇ ನನ್ನನ್ನು ನೋಡಿ, “ಬರ್ರಿ ಮಾಸ್ತರ. ವಾಸನಿ ಹಿಡಸ್ತೈತೇನ್ರಿ?” ಎಂದರು. ಹಿಡಿಸುತ್ತದೆ ಎಂದು ಸುಳ್ಳು ಹೇಳಲಿಲ್ಲ. “ರೂಢಿ ಆಕ್ಕೈತಿ ಅಜ್ಜಾರ” ಎಂದೆ. ನಕ್ಕರು. ಮೊಮ್ಮಗನ ಕೈಯಲ್ಲಿ ಮೊದಲೇ ಹೇಳಿಕಳಿಸಿದ್ದರಿಂದ ಕೆಲಸದ ಒಂದೊಂದು ಹಂತದ ಒಂದೊಂದು ತೊಗಲನ್ನು ಅವರು ತೆಗೆದಿಟ್ಟಿದ್ದರು.

ಹಸಿತೊಗಲು ಬೇರೆ, ಹದಮಾಡಿದ ತೊಗಲು ಬೇರೆ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಚಪ್ಪಲಿಗೂ ಚೀಲಕ್ಕೂ ಬೇಕಾದದ್ದು ಜಾಲಿಯ ತೊಗಟೆ, ತಂಗಡಿಯ ತೊಗಟೆ, ಅಳಲೆಕಾಯಿಗಳ ಕಷಾಯ ಕುಡಿದ ತೊಗಲು. ಅದು ನೀರಿಗೆ ಕೊಳೆಯದು, ಬಾಗಿಸಿದರೆ ಬಾಗುತ್ತದೆ. ಖಾನಾಪುರದ ಕಾಡಿನಲ್ಲಿ ಅಳಲೆಯ ಮರಗಳಿಗೆ ಕೊರತೆಯಿಲ್ಲ. ಬ್ರಿಟಿಷರ ಕಾಲದಲ್ಲಿ ಘಟ್ಟದ ಅಳಲೆಕಾಯಿ ಮುಂಬಯಿ ಬಂದರಿನಿಂದ ಹಡಗು ಹತ್ತಿ ಪರದೇಶದ ಹದಗಾರರಿಗೆ ಹೋಗುತ್ತಿತ್ತು. ಬಿಲ್ಲಿಗೂ ಹಲಗೆಗೂ ಬೇಕಾದದ್ದು ಈ ಕಷಾಯವನ್ನು ಕುಡಿಯದ ತೊಗಲು. ಮಾಂಸ, ಕೊಬ್ಬು, ಕೂದಲು ಹೋಗಬೇಕು. ತೊಗಲಿನ ಸ್ವಂತ ಎಳೆ ಮಾತ್ರ ಉಳಿಯಬೇಕು. ಒಣಗಿದಾಗ ಕೊಂಬಿನಂತೆ ಗಟ್ಟಿ, ನೆನೆದಾಗ ಬಟ್ಟೆಯಂತೆ ಮೆದು. ಒಣಗುತ್ತ ಕುಗ್ಗುತ್ತದೆ; ಕುಗ್ಗುತ್ತ ಹಿಡಿದದ್ದನ್ನು ಬಿಡದು.

ಮೊದಲನೆಯದು, ತೊಗಲು ಅದೇ ದಿನದ್ದಾಗಿರಬೇಕು. ತಡವಾಗುವುದಾದರೆ ಮಾಂಸದ ಬದಿಗೆ ಉಪ್ಪು ತಿಕ್ಕಿ ಮಡಿಸಿಡಬೇಕು. ಇಲ್ಲವಾದರೆ ಕೂದಲಿನ ಬುಡದಿಂದಲೇ ಕೊಳೆಯಲು ತೊಡಗುತ್ತದೆ. ಆಮೇಲೆ ಹರಿವ ನೀರಿನಲ್ಲಿ ತೊಳೆ; ನೆತ್ತರ ಉಳಿದರೆ ಕಲೆಯೂ ಬಿತ್ತು, ಹುಳವೂ ಬಿತ್ತು. ಬಳಿಕ ಇಳಿಜಾರಾಗಿ ನಿಲ್ಲಿಸಿದ ದುಂಡು ಮರದ ಮೇಲೆ ತೊಗಲನ್ನು ಹಾಸಿ, ಎರಡೂ ತುದಿಗೆ ಹಿಡಿಕೆಯಿರುವ ಮೊಂಡು ಅಲಗಿನಿಂದ ಮಾಂಸದ ಬದಿಯನ್ನು ಕೆರೆಯುವುದು. ಅಲಗು ನೆಟ್ಟಗಾದರೆ ತೊಗಲಿಗೆ ಗಾಯ. ತೀರ ಮಲಗಿದರೆ ಕೊಬ್ಬು ಉಳಿಯಿತು. ಅಜ್ಜ ನನ್ನ ಬೆರಳನ್ನು ಹಿಡಿದು ತೊಗಲಿನ ಮೇಲೆ ಎಳೆಸಿ, “ಜಿಡ್ಡು ಹತ್ತೈತೇನ್ರಿ?” ಎಂದರು. ಹತ್ತಿತ್ತು. ಮತ್ತೆ ಕೆರೆದರು. ಮೂರನೆಯ ಸಲ ಬೆರಳು ಒಣಗಿಯೇ ಬಂದಿತು.

ಆಮೇಲೆ ಸುಣ್ಣದ ಕುಣಿ. ಅರಳಿಸಿದ ಸುಣ್ಣವನ್ನು ಮಜ್ಜಿಗೆಯಂತೆ ಕದಡಿ ಅದರಲ್ಲಿ ತೊಗಲನ್ನು ಮುಳುಗಿಸಿ ದಿನಕ್ಕೆ ಎರಡು ಸಲ ಮಗುಚಬೇಕು. ಸೆಕೆಯ ದಿನಗಳಲ್ಲಿ ಬೇಗ, ಚಳಿಯಲ್ಲಿ ತಡ. ತಾರೀಖು ನೋಡಿ ತೆಗೆಯುವಂತಿಲ್ಲ. ಕುತ್ತಿಗೆಯ ಭಾಗ ಎಲ್ಲಕ್ಕಿಂತ ದಪ್ಪ. ಅಲ್ಲಿಯ ಕೂದಲು ಹೆಬ್ಬೆರಳಿನಿಂದ ಸವರಿದರೆ ಎಳೆಯದೆಯೇ ಬಂದರೆ ಸಾಕು. ಒಂದೆರಡು ದಿನ ಹೆಚ್ಚಾದರೆ ತೊಗಲಿನ ಎಳೆಯೇ ಸಡಿಲುತ್ತದೆ, ಹಲಗೆಯಾದರೆ ಹರಿಯುತ್ತದೆ. ಬಿಲ್ಲಿನ ಹೆದೆಯಾಗಿದ್ದರೆ? ಎಳೆದವನ ಮುಖಕ್ಕೇ ಬಂದು ಬಡಿಯುತ್ತಿತ್ತು.

ಕೂದಲು ಹೋದ ಮೇಲೆ ಸುಣ್ಣ ಹೋಗಬೇಕು. ನನ್ನ ಮನಸ್ಸನ್ನು ಸೆಳೆದದ್ದು ಇದೇ ಹಂತ. ನೀರು ಬದಲಿಸಿ ಬದಲಿಸಿ ತೊಳೆದು, ಗೋದಿಯ ತವುಡಿನ ಹುಳಿನೀರಿನಲ್ಲಿ ನೆನೆಹಾಕುತ್ತಾರೆ. ಹುಳಿಯು ಸುಣ್ಣವನ್ನು ಕೊಲ್ಲುತ್ತದೆ. ಪೂರ್ತಿ ಹೋಯಿತೆಂದು ತಿಳಿಯುವುದೆಂತು? ಅಜ್ಜ ತೊಗಲಿನ ದಪ್ಪ ಅಂಚನ್ನು ತುಸು ಕೊಯ್ದು, ಕೊಯ್ದ ಬಾಯಿಗೆ ಅರಿಸಿನ ಹಚ್ಚಿದರು. ನಡುವೆ ದಾರದಷ್ಟು ಕೆಂಪು ಗೆರೆ ಎದ್ದಿತು. ಅರಿಸಿನಕ್ಕೆ ಸುಣ್ಣ ಕೂಡಿದರೆ ಕೆಂಪೆಂಬುದನ್ನು ನಮ್ಮ ಮನೆಯ ಹೆಣ್ಣುಮಕ್ಕಳೆಲ್ಲ ಬಲ್ಲರು. ಆರತಿಯ ತಟ್ಟೆಯ ಕುರ್ದಿನೀರು ಅದೇ ತಾನೆ. “ಒಳಗ ಇನ್ನೂ ಐತಿ” ಎಂದು ಅಜ್ಜ ತೊಗಲನ್ನು ಮತ್ತೆ ನೀರಿಗೆ ಹಾಕಿದರು. ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದ ಹಿಡಿದು ನಾವು ಮಕ್ಕಳಿಗೆ ಕಲಿಸುವ ಪಾಠ, ಊರ ಹೊರಗಿನ ಈ ಅಂಗಳದಲ್ಲಿ ಅರಿಸಿನದ ಚಿಟಿಕೆಯಲ್ಲಿ ನಡೆದಿತ್ತು.

ಕೊನೆಗೆ ಚೌಕಟ್ಟಿಗೆ ಹೊಲಿದು ನೆರಳಿನಲ್ಲಿ ಬಿಗಿಯುವುದು. ಬಿಸಿಲಿಗಿಟ್ಟರೆ ಹಸಿಯ ತೊಗಲು ಬೆಂದುಹೋಗಿ ಗಾಜಿನಂತೆ ಒಡೆಯುತ್ತದೆ. ನೆರಳಿನಲ್ಲಿ ಒಣಗಿದ್ದನ್ನು ಬೆಳಕಿಗೆ ಹಿಡಿದಾಗ ಜೇನಿನ ಬಣ್ಣ ಕಂಡಿತು. ನನ್ನ ಕೈಯ ನೆರಳು ಆ ಬದಿಗೆ ಮೂಡಿತು.

ಬಿಲ್ಲಿನ ಹೆದೆಯ ಮಾತೆತ್ತಿದಾಗ ಅಜ್ಜನಿಗೆ ಹೊಸದೆನಿಸಲಿಲ್ಲ. ಎತ್ತಿನ ಮಿಣಿ, ಬಾರುಕೋಲಿನ ಬಾರು ಮಾಡಿದ ಕೈ. ದುಂಡಗಿನ ಬಿಲ್ಲೆಯೊಂದನ್ನು ಕತ್ತರಿಸಿಕೊಂಡು, ಅಂಚಿನಿಂದ ಕತ್ತಿಯಿಟ್ಟು, ಹೆಬ್ಬೆರಳನ್ನೇ ಅಳತೆಗೋಲು ಮಾಡಿ, ತೊಗಲನ್ನು ತಿರುಗಿಸುತ್ತ ಹೋದರು. ಸುರುಳಿ ಬಿಚ್ಚಿದಂತೆ ಒಂದೇ ಬಾರು ಹೊರಬಂದಿತು, ಎಲ್ಲಿಯೂ ಗಂಟಿಲ್ಲ. ನಮ್ಮ ಶಾಲೆಯ ಗಣಿತದ ಮಾಸ್ತರರು ಆಮೇಲೆ ಲೆಕ್ಕ ಹಾಕಿ ಕೊಟ್ಟರು: 30 ಸೆಂಟಿಮೀಟರು ಅಡ್ಡಳತೆಯ ಬಿಲ್ಲೆಯಿಂದ ಅರ್ಧ ಸೆಂಟಿಮೀಟರು ಅಗಲದ ಬಾರು ತೆಗೆದರೆ ಸುಮಾರು 14 ಮೀಟರು ಉದ್ದವಾಗುತ್ತದೆ. ಅದನ್ನು ನೆನೆಸಿ, ಹುರಿಮಾಡಿ, ತುದಿಗೆ ಕಲ್ಲು ಕಟ್ಟಿ ಜೋತುಬಿಟ್ಟು ಒಣಗಿಸಿದರೆ ಹೆದೆಯಾಯಿತು.

ಬಿಲ್ಲಿಗೆ ತೊಗಲಿನ ಉಪಯೋಗ ಹೆದೆಗೆ ಮುಗಿಯುವುದಿಲ್ಲ. ಬಿಲ್ಲನ್ನು ಎಳೆದಾಗ ಬಿಲ್ಲಾಳಿನ ಕಡೆಯ ಹೊಟ್ಟೆ ಒತ್ತಿಕೊಳ್ಳುತ್ತದೆ, ಆಚೆಯ ಬೆನ್ನು ಹಿಗ್ಗುತ್ತದೆ. ಮರ ಮುರಿಯುವುದು ಹೆಚ್ಚಾಗಿ ಬೆನ್ನಿನಿಂದಲೇ. ಒಂದು ಎಳೆ ಮೇಲೆದ್ದರೆ ಸಾಕು. ಆದುದರಿಂದ ನಾನಾ ದೇಶಗಳ ಬಿಲ್ಲುಗಾರರು ಬೆನ್ನಿಗೆ ತೆಳುವಾದ ಹಸಿತೊಗಲನ್ನೋ ನರವನ್ನೋ ಅಂಟಿಸುತ್ತ ಬಂದಿದ್ದಾರೆ. ಹಾಗೆ ಅಂಟಿಸುವ ತೊಗಲಿನಲ್ಲಿ ಬೆರಳಿನಷ್ಟು ಜಾಗದಲ್ಲಿ ಕೊಬ್ಬು ಉಳಿದರೂ ಅಂಟು ಹಿಡಿಯದು. ಸುಣ್ಣ ಉಳಿದರೂ ಅಂಟು ಕೆಡುವುದು. ಅಜ್ಜನ ಜಿಡ್ಡಿನ ಪರೀಕ್ಷೆ, ಅರಿಸಿನದ ಪರೀಕ್ಷೆಗಳ ಬೆಲೆ ಇಲ್ಲಿ ತಿಳಿಯುತ್ತದೆ. ಅಂಟಾದರೂ ಯಾವುದು? ಅದೇ ತೊಗಲಿನ ಚೂರುಗಳನ್ನು ನೀರಿನಲ್ಲಿ ಮಂದವಾಗಿ ಕಾಯಿಸಿ ತೆಗೆದದ್ದು. ನಮ್ಮ ಬಡಿಗರು ಕುರ್ಚಿ ಮೇಜು ಕೂಡಿಸಲು ಕಾಯಿಸುತ್ತಿದ್ದ ಸರೇಸು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಗಳ ಪಾಕ ಹೇಳುವಾಗ ದನ, ಎಮ್ಮೆ, ಆಡುಗಳ ಕೊಂಬಿನ ಜೊತೆಗೆ ಎಮ್ಮೆಯ ತೊಗಲೂ ಬೇವು ಬೇಲಗಳ ರಸವೂ ಬಂದಿವೆ. ತೊಗಲು, ನರ, ಅಂಟು, ಹೆದೆ ನಾಲ್ಕಕ್ಕೂ ಯಾಸ್ಕ ಒಂದೇ ಶಬ್ದವನ್ನು ಹೊಂದಿಸಿದ್ದರ ಮರ್ಮ ನನಗೆ ಅರ್ಥವಾದದ್ದು ಅಜ್ಜನ ಅಂಗಳದಲ್ಲಿ.

ಬಿಲ್ಲಾಳಿನ ಕೈಗೂ ತೊಗಲೇ ಕಾವಲು. ಹೆದೆಯ ಪೆಟ್ಟು ತಾಗದಂತೆ ಎಡಗೈಗೆ ಕಟ್ಟುವ ಪಟ್ಟಿಗೆ ಗೋಧಾ ಎಂದು ಹೆಸರು. ಗೋಧಾ ಎಂದರೆ ಉಡ. ರಾಮಲಕ್ಷ್ಮಣರು ವಿಶ್ವಾಮಿತ್ರನ ಹಿಂದೆ ಹೊರಟಾಗ ಅದನ್ನು ತೊಟ್ಟಿದ್ದರೆಂದು ವಾಲ್ಮೀಕಿ ಹೇಳಿದ್ದಾನೆ. ಗ್ರೀಕರ ಕಣ್ಣಿಗೂ ನಮ್ಮ ಹಸಿತೊಗಲು ಬಿದ್ದಿತ್ತು. ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸನ ಬರಹವನ್ನು ಆಧರಿಸಿ ಏರಿಯನ್ ಬರೆದ ಇಂಡಿಕಾದಲ್ಲಿ, ಭಾರತದ ಕಾಲಾಳು ತನ್ನಷ್ಟೇ ಎತ್ತರದ ಬಿಲ್ಲನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಾನೆಂದೂ, ಕೈಯಲ್ಲಿ ಹದಮಾಡದ ಎತ್ತಿನ ತೊಗಲಿನ ಗುರಾಣಿ ಹಿಡಿಯುತ್ತಾನೆಂದೂ ಇದೆ.

ಇಷ್ಟೆಲ್ಲ ಇದ್ದರೂ ನಮ್ಮ ಖಾನಾಪುರದ ಸೀಮೆಗೆ ಈ ತೊಗಲಿನ ಬಿಲ್ಲು ಒಗ್ಗುವಂಥದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಯನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಹಸಿತೊಗಲು ಗಾಳಿಯ ತೇವವನ್ನೇ ಕುಡಿದು ಮೆತ್ತಗಾಗುತ್ತದೆ, ಸರೇಸು ಬಿಡುತ್ತದೆ. ಕೊಂಬು, ಮರ, ನರಗಳನ್ನು ಅಂಟಿಸಿ ಮಾಡುವ ತುರ್ಕರ ಬಗೆಯ ಬಿಲ್ಲು ಒಣ ಹವೆಯಲ್ಲಿ ಅದ್ಭುತವಾದದ್ದು, ನಮ್ಮ ಮಳೆಗಾಲದಲ್ಲಿ ರೋಗಿಯಂಥದು. 17–18ನೆಯ ಶತಮಾನಗಳಲ್ಲಿ ಭಾರತದ ಶಸ್ತ್ರಾಗಾರಗಳು ಉಕ್ಕಿನ ಬಿಲ್ಲುಗಳನ್ನು ಮಾಡಿಸಿಟ್ಟದ್ದಕ್ಕೆ ಇದೂ ಒಂದು ಕಾರಣ: ಉಕ್ಕು ಎಷ್ಟು ವರ್ಷ ಇಟ್ಟರೂ ಬಿಚ್ಚಿಕೊಳ್ಳದು. ಬಯಲುಸೀಮೆಯ ದೊರೆಗಳು ಮಾತ್ರ ಅಂಟಿನ ಬಿಲ್ಲಿನ ಬಲವನ್ನು ಬಲ್ಲವರಾಗಿದ್ದರು. ವಿಜಯನಗರದ ಇಮ್ಮಡಿ ದೇವರಾಯನು ಬಹಮನಿಗಳ ಗೆಲುವಿಗೆ ಅವರ ಕುದುರೆ ಮತ್ತು ಬಿಲ್ಲಾಳುಗಳೇ ಕಾರಣವೆಂದು ಕಂಡು, ಮುಸಲ್ಮಾನ ಬಿಲ್ಲುಗಾರರನ್ನು ಚಾಕರಿಗಿಟ್ಟು ತನ್ನವರಿಗೆ ವಿದ್ಯೆ ಕಲಿಸಿದನೆಂದು ವಿಜಾಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫಿರಿಸ್ತಾ ಹೇಳಿದ್ದಾನೆ.

ಅದೇ ಫಿರಿಸ್ತಾ ನಮ್ಮ ಬೆಳಗಾವಿಯ ಕೋಟೆಯ ಸಂಗತಿಯನ್ನೂ ಬರೆದಿದ್ದಾನೆ. 1472–73ರಲ್ಲಿ ಬಹಮನಿ ಮಂತ್ರಿ ಮಹಮೂದ ಗವಾನ ಈ ಕೋಟೆಗೆ ಮುತ್ತಿಗೆ ಹಾಕಿದಾಗ, ಕಂದಕದ ಅಡಿಯಿಂದ ಸುರಂಗ ತೋಡಿಸಿ ಮದ್ದು ತುಂಬಿ ಗೋಡೆಯನ್ನು ಸಿಡಿಸಿದ. ದಖ್ಖನಿನಲ್ಲಿ ಅಂಥ ಸುರಂಗದ ಸುದ್ದಿ ಅದಕ್ಕೆ ಮೊದಲು ಕೇಳಿಬಂದದ್ದಿಲ್ಲ. ಕೋಟೆಯ ಕಂದಕದ ಬಳಿ ಈಗ ಸಂಜೆ ಅಡ್ಡಾಡುವವರು ನಾವು. ಬಿಲ್ಲು ಆ ದಿನವೇ ಸತ್ತಿತೆಂದಲ್ಲ. ಇನ್ನೆರಡು ಮೂರು ಶತಮಾನ ಬದುಕಿತು. ಆದರೆ ಅದರ ಆಯುಷ್ಯದ ಲೆಕ್ಕ ಈ ಗೋಡೆಯ ಬುಡದಲ್ಲಿ ಶುರುವಾಯಿತು ಎನ್ನಲಡ್ಡಿಯಿಲ್ಲ.

ಹೀಗೆ ಬಿಲ್ಲಿನ ಕಥೆಯನ್ನು ಬರೆಯುವವರು ದೊರೆಯ ಹೆಸರನ್ನು, ಮಂತ್ರಿಯ ಹೆಸರನ್ನು ಬರೆದರು. ತೊಗಲು ಕೆರೆದವನ ಹೆಸರು? ವಾಜಸನೇಯಿ ಸಂಹಿತೆಯ 30ನೆಯ ಅಧ್ಯಾಯದಲ್ಲಿ ಕಸಬುಗಾರರ ದೊಡ್ಡ ಪಟ್ಟಿಯೊಂದಿದೆ. ಬಿಲ್ಲು ಮಾಡುವ ಧನುಷ್ಕಾರ, ಹೆದೆ ಮಾಡುವ ಜ್ಯಾಕಾರ, ಬಾಣ ಮಾಡುವ ಇಷುಕಾರ, ತೊಗಲು ಹದಮಾಡುವ ಚರ್ಮಮ್ನ ಎಲ್ಲರೂ ಅಲ್ಲಿದ್ದಾರೆ. ಕಸಬಿನ ಹೆಸರಿದೆ, ಆಳಿನ ಹೆಸರಿಲ್ಲ. ಆ ಹೆಸರನ್ನು ಹುಡುಕುತ್ತ ನಾನು ಬೇರೆಲ್ಲಿಗೂ ಹೋಗಬೇಕಾಗಲಿಲ್ಲ. ಅಜ್ಜನ ಮನೆಯ ಗೋಡೆಯ ಮೇಲೆಯೇ ಪಟವಿತ್ತು: ಡೋಹರ ಕಕ್ಕಯ್ಯನವರದು.

ಕಕ್ಕಯ್ಯನವರು 12ನೆಯ ಶತಮಾನದ ಶರಣರು. ತೊಗಲು ಹದಮಾಡುವ ಡೋಹರ ಕುಲದವರು. ಮಾಳವ ದೇಶದಿಂದ ಕಲ್ಯಾಣಕ್ಕೆ ಬಂದವರೆಂದು ಸಂಪ್ರದಾಯ. ಮಾದಾರ ಚೆನ್ನಯ್ಯನವರ ಜೊತೆಗೆ ಇವರನ್ನೂ ಬಸವಣ್ಣನವರು ತಮ್ಮ ವಚನದಲ್ಲಿ ತಂದೆಯ ಸ್ಥಾನದಲ್ಲಿಟ್ಟು ಕರೆದಿದ್ದಾರೆ. ಆ ಕಾಲದಲ್ಲಿ ಅದೇನು ಸಾಮಾನ್ಯ ಮಾತೆ? ಕಕ್ಕಯ್ಯನವರ ಕೆಲವೇ ವಚನಗಳು ಉಳಿದಿವೆ. ಅಂಕಿತ ಅಭಿನವ ಮಲ್ಲಿಕಾರ್ಜುನ. ಹುಟ್ಟಿದ ಕುಲದ ಸಂಕಟವನ್ನು ದೇವರ ಮುಂದೆ ಮುಚ್ಚುಮರೆಯಿಲ್ಲದೆ ಆಡಿದ ಮಾತು ಅವುಗಳಲ್ಲಿದೆ. ಕಲ್ಯಾಣದಲ್ಲಿ 1167–68ರ ಸುಮಾರಿಗೆ ಗಲಭೆಯೆದ್ದು ಬಿಜ್ಜಳನ ಕೊಲೆಯಾದ ಮೇಲೆ ಶರಣರು ಚದರಿದರು. ಚೆನ್ನಬಸವಣ್ಣನವರ ಜೊತೆಗಿದ್ದವರು ವಚನದ ಕಟ್ಟುಗಳೊಂದಿಗೆ ಉಳವಿಯ ಕಡೆಗೆ ನಡೆದದ್ದು ನಮ್ಮ ಜಿಲ್ಲೆಯ ಮೂಲಕವೇ. ಮಲಪ್ರಭೆಯ ದಂಡೆಯ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ, ಹುಬ್ಬಳ್ಳಿಯೆಂಬ ಹೆಸರಿನ ನಮ್ಮ ಜಿಲ್ಲೆಯ ಊರಿನಲ್ಲಿ, ಅಂದರೆ ಎಂ.ಕೆ. ಹುಬ್ಬಳ್ಳಿಯಲ್ಲಿ, ಗಂಗಾಂಬಿಕೆಯವರು ಐಕ್ಯರಾದರೆಂದೂ ಜನ ಹೇಳುತ್ತಾರೆ. ಬೆನ್ನಟ್ಟಿದ ದಂಡನ್ನು ತಡೆಯುತ್ತ ಕಕ್ಕಯ್ಯನವರು ಹೋರಾಡಿ ಮಡಿದದ್ದು ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ. ಅವರ ಸಮಾಧಿ ಅಲ್ಲಿದೆ.

ಅಜ್ಜನ ಮನೆಯಿಂದ ಅದೇ ದಿನ ನಾವು ಕಕ್ಕೇರಿಗೆ ಹೋದೆವು. ನಂದಗಡ, ಬೀಡಿ ದಾಟಿ ಅಳ್ನಾವರದ ಕಡೆಗೆ ಹೋಗುವ ದಾರಿ. ಕಕ್ಕಯ್ಯನವರಿಂದಲೇ ಊರಿಗೆ ಆ ಹೆಸರೆಂದು ಊರವರ ಮಾತು. ನಿಘಂಟು ತಿರುವುವ ನನ್ನಂಥವನಿಗೆ ಕಕ್ಕೆ ಎಂಬ ಮರವೂ ನೆನಪಾಗುತ್ತದೆ. ಬೇಸಗೆಯಲ್ಲಿ ಹಳದಿ ಹೂವಿನ ಗೊಂಚಲು ಇಳಿಬಿಡುವ ಆ ಮರದ ತೊಗಟೆಯೂ ತೊಗಲು ಹದಮಾಡಲು ಬರುತ್ತದೆಂಬುದು ವಿಶೇಷ. ಎರಡೂ ದಾರಿ ತೊಗಲಿನ ಕಸಬಿಗೇ ಬಂದು ಸೇರುವಾಗ ವ್ಯುತ್ಪತ್ತಿಯ ವ್ಯಾಜ್ಯ ಹೂಡುವುದು ಬೇಡವೆನಿಸಿತು. ಹುಡುಗ ಸಮಾಧಿಯ ಮುಂದೆ ಅಡ್ಡಬಿದ್ದು ಎದ್ದು, “ಇವರು ಯಾತರ್ಲೆ ಕಾದಿದ್ರು ಸರ? ಬಿಲ್ಲಿಲೇನ್ರಿ?” ಎಂದ. ಈ ಸಲ ಪರ್ಯಾಯಪದ ಹೇಳಲಿಲ್ಲ. ಅವರ ಕೈಯಲ್ಲಿದ್ದ ಆಯುಧ ಯಾವುದೋ, ಅವರು ಕಾಯ್ದದ್ದು ಮಾತ್ರ ಓಲೆಯ ಕಟ್ಟುಗಳು ಎಂದೆ.

ಆ ಮಾತಿಗೆ ಬೆಳಗಾವಿಯ ಒಂದು ಸಂಗತಿಯನ್ನೂ ಸೇರಿಸಿ ಅವನಿಗೆ ಹೇಳಿದೆ. ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ಓಲೆಗಳನ್ನು ಕೂಡಿಸಿ ಸಿದ್ಧಮಾಡಿದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಅಚ್ಚುಹಾಕದೆ ಮರಳಿಸಿತ್ತು. 1923ರಲ್ಲಿ ಅದರ ಮೊದಲ ಭಾಗ ಅಚ್ಚಾದದ್ದು ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಕಕ್ಕೇರಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ. ವಚನಗಳಿಗೆ ಏಳೂವರೆ ಶತಮಾನ ಬೇಕಾಯಿತು.

ಬೆಳಗಾವಿಯಲ್ಲಿ ನನ್ನ ಬಾಲ್ಯದಲ್ಲಿ ಬಿಲ್ಲೆಂದರೆ ಪಿಂಜಾರರ ಬಿಲ್ಲು. ದೀಪಾವಳಿಗೆ ಮುಂಚೆ ಗಾದಿಯ ಅರಳೆ ಹಿಂಜಲು ಓಣಿಗೆ ಬರುತ್ತಿದ್ದರು. ಆಳೆತ್ತರದ ಬಿಲ್ಲು, ನರದ ಹೆದೆ. ಮರದ ಗುಂಡಿನಿಂದ ಹೊಡೆದರೆ ಟೊಂಯ್ ಎಂಬ ಸದ್ದು ಓಣಿಯ ಆ ತುದಿಗೆ ಕೇಳಿಸುತ್ತಿತ್ತು. ಯಂತ್ರ ಬಂದ ಮೇಲೆ ಅದೂ ನಿಂತಿತು. ಕಪಿಲೆಯ ತೊಗಲಿನ ಚೀಲ ವಿದ್ಯುತ್ ಪಂಪಿನಿಂದ ಹೋಯಿತು. ಎತ್ತಿನ ಮಿಣಿ ನೈಲಾನ್ ಹಗ್ಗದಿಂದ ಹೋಯಿತು. ಹಲಗೆಗೂ ಪ್ಲಾಸ್ಟಿಕ್ಕಿನ ಹಾಳೆ ಬಂದಿದೆ. ಕಾಸಬೇಕಿಲ್ಲ, ಮಳೆಗೆ ಹೆದರಬೇಕಿಲ್ಲ. ಅಜ್ಜನಿಗೆ ಅದರ ಮೇಲೆ ಸಿಟ್ಟಿಲ್ಲ. “ಅದು ನಾದ ಅಲ್ರಿ, ಬರೇ ಸಪ್ಪಳ” ಎಂದರು, ಅಷ್ಟೇ. ಉಳಿದದ್ದೆಂದರೆ ತಬಲಾ, ಪಖವಾಜ, ಮೃದಂಗಗಳ ಮುಖ. ಬೆಳಿಗ್ಗೆ ರೇಡಿಯೋ ಹಚ್ಚಿ, ನಮ್ಮ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಾಡನ್ನು ಕೇಳುವಾಗ ಹಿಂದೆ ನುಡಿಯುವ ಠೇಕಾ ಆಡಿನ ತೊಗಲಿನದು. ಅದನ್ನೂ ಯಾರೋ ಕೆರೆದಿದ್ದಾರೆ.

ಹುಡುಗ ಈಗ ಹತ್ತನೆಯ ಇಯತ್ತೆಗೆ ಬಂದಿದ್ದಾನೆ. ಕಸಬಿನ ಮೇಲೆ ಅವನಿಗೆ ಮನಸ್ಸಿಲ್ಲ; ವಿಜ್ಞಾನ ಓದುತ್ತಾನಂತೆ. ಅಜ್ಜನೂ, “ಬ್ಯಾಡ್ರಿ, ಅವ ಸಾಲೀ ಕಲೀಲಿ. ಈ ನೀರಾಗ ನಿಂತು ನಿಂತು ನನ್ನ ಕಾಲು ನೋಡ್ರಿ” ಎಂದು ಸುಣ್ಣ ತಿಂದ ಬೆರಳ ಸಂದುಗಳನ್ನು ತೋರಿಸಿದರು. ನಾನು ಹೊರಡುವಾಗ ಆ ದಿನ ಕೊಯ್ದ ಬಾರಿನಲ್ಲಿ ಒಂದು ಮೊಳದಷ್ಟನ್ನು ಹುರಿಮಾಡಿ ಕೊಟ್ಟಿದ್ದರು. ಅದನ್ನು ತರಗತಿಯ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದಿದ್ದೇನೆ. ಚೈತ್ರದಲ್ಲಿ ಮಕ್ಕಳು ಬೆರಳಿನಿಂದ ಮೀಟಿದರೆ ಖಣ್ಣೆನ್ನುತ್ತಿತ್ತು. ಆಷಾಢದ ಜಿಟಿಜಿಟಿಗೆ ಮೆತ್ತಗಾಗಿ ಈಗ ಜೋತುಬಿದ್ದಿದೆ. ದೀಪಾವಳಿಯ ಹೊತ್ತಿಗೆ ಮತ್ತೆ ಬಿಗಿಯುತ್ತದೆ ಎಂದು ಹುಡುಗ ಹೇಳುತ್ತಾನೆ.